ಮಷೀನು ಎದ್ದು ಎಷ್ಟು ಹೊತ್ತಾಯಿತು

ನನ್ನ ಪ್ರಶ್ನೆ ಬಹಳ ಸಣ್ಣದು. ಈ ಮಷೀನು ಚಾಲೂ ಆಗಿ ಎಷ್ಟು ಹೊತ್ತಾಯಿತು? ಇಷ್ಟನ್ನು ಹೇಳಲು ಒಂದು ಕಂಪ್ಯೂಟರಿಗೆ ಏನು ಧಾಡಿ ಎಂದು ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ನನ್ನ ಮೇಜಿನ ಸುತ್ತ ಇದ್ದ ಮಷೀನುಗಳಲ್ಲಿ ಯಾವ ಎರಡೂ ಒಂದೇ ರೀತಿ ಉತ್ತರ ಕೊಡುತ್ತಿರಲಿಲ್ಲ. ಒಂದು ಯುನಿಕ್ಸ್ ಮಷೀನು ತಾಸು ತುಂಬುವವರೆಗೆ ನಿಮಿಷಗಳಲ್ಲಿ ಹೇಳುತ್ತಿತ್ತು, ತಾಸು ದಾಟಿದರೆ ಗಡಿಯಾರದ ಹಾಗೆ, ದಿನ ದಾಟಿದರೆ ಇನ್ನೂ ಬೇರೆ ಹಾಗೆ. ಅದರ ಪಕ್ಕದ್ದೂ ಯುನಿಕ್ಸೇ, ಆದರೆ ಬೇರೆ ಕಂಪನಿಯದು; ಅದು ಅಲ್ಪವಿರಾಮವನ್ನು ತನಗೆ ಬೇಕಾದ ಕಡೆ ಹಾಕುತ್ತಿತ್ತು. ವಿಂಡೋಸ್ ಮಷೀನು ನೇರವಾಗಿ ಹೇಳುತ್ತಲೇ ಇರಲಿಲ್ಲ. ಎಲ್ಲೋ ಒಳಗೆ ಒಂದು ಎಣಿಕೆ ಇಟ್ಟುಕೊಂಡಿರುತ್ತಿತ್ತು, ಕೆಲವು ವಾರ ಕಳೆದರೆ ಅದೂ ತಿರುಗಿ ಸೊನ್ನೆಗೆ ಬಂದು ಕೂರುತ್ತಿತ್ತು.

ಈ ಎಲ್ಲ ಮೊಂಡುಗಳ ಬಾಯಿಂದ ಒಂದೇ ಉತ್ತರ ಹೊರಡಿಸುವುದು ನನ್ನ ಕೆಲಸವಾಗಿತ್ತು. ಡಾಟ್‌ಕಾಂ ಭರಾಟೆಯ ಕಾಲ ಅದು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಸಣ್ಣ ಕಂಪನಿ ಬಯೋಟೆಕ್ ಲ್ಯಾಬುಗಳಿಗೆ ಸಾಫ್ಟ್‌ವೇರು ಮಾರುತ್ತಿತ್ತು, ಒಂದೊಂದು ಲ್ಯಾಬಿನಲ್ಲಿ ಒಂದೊಂದು ಜಾತಿಯ ಮಷೀನು. ಡಿಸ್ಕಿನಲ್ಲಿ ಜಾಗ ಎಷ್ಟಿದೆ, ಈ ಫೈಲನ್ನು ಅಲ್ಲಿಗೆ ಸಾಗಿಸು, ಆ ಪ್ರೋಗ್ರಾಮು ಓಡುತ್ತಿದೆಯೇ ನೋಡು, ಇಂಥವಕ್ಕೆಲ್ಲ ನಾನು ಒಂದು ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಚಿಕ್ಕ ಚಿಕ್ಕ ಫಂಕ್ಷನ್ನುಗಳನ್ನು, ಎಂದರೆ ಒಂದೊಂದೇ ಕೆಲಸ ಮಾಡುವ ಪ್ರೋಗ್ರಾಮಿನ ತುಣುಕುಗಳನ್ನು, ಬರೆಯುತ್ತಿದ್ದೆ. ಉಳಿದ ಪ್ರೋಗ್ರಾಮರುಗಳು ಅವುಗಳನ್ನು ಕರೆದರೆ ಸಾಕು, ಕೆಳಗೆ ಯಾವ ಮಷೀನಿದೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ತಲೆ ಕೆಡಿಸಿಕೊಳ್ಳಲು ನಾನಿದ್ದೆನಲ್ಲ.

ಅಮೆರಿಕಕ್ಕೆ ಬಂದು ವರ್ಷಗಟ್ಟಲೆ ಗಂಡನ ವೀಸಾದ ಬಾಲ ಹಿಡಿದು ಮನೆಯಲ್ಲಿ ಕೂತಿದ್ದವಳು ನಾನು. ಧಾರವಾಡದಲ್ಲಿ ಓದಿದ ಎಂಜಿನಿಯರಿಂಗು ತುಕ್ಕು ಹಿಡಿಯುತ್ತಿತ್ತು. ಇದು ನನ್ನ ಮೊದಲ ಕೆಲಸ. ಇದಕ್ಕಾಗಿ ವಾಲ್ನಟ್ ಕ್ರೀಕಿನ ಅಪಾರ್ಟ್‌ಮೆಂಟಿನಿಂದ ಹೊರಟು, ಮಗಳನ್ನು ಡೇಕೇರಿನಲ್ಲಿ ಬಿಟ್ಟು, ದಿನಾ ಬೇ ಬ್ರಿಡ್ಜಿನ ಮೇಲೆ ಇಂಚಿಂಚಾಗಿ ಸರಿಯುತ್ತಿದ್ದೆ. ಮ್ಯಾನೇಜರು ಆ ವರ್ಷದ ಆರಂಭದಲ್ಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಎಲ್ಲ ಮಷೀನುಗಳ ಮೇಲೂ ಟೆಸ್ಟು ಪಾಸಾದರೆ ನಿನ್ನ ಫಂಕ್ಷನ್ನುಗಳು ಪ್ರಾಡಕ್ಟಿನೊಳಗೆ ಹೋಗುತ್ತವೆ, ಇಲ್ಲದಿದ್ದರೆ ಎಲ್ಲವನ್ನೂ ಸಿ ಭಾಷೆಯಲ್ಲಿ ಹೊಸದಾಗಿ ಬರೆಸುತ್ತೇನೆ. ಬರೆಯುವವನೂ ತಯಾರಾಗಿದ್ದ. ನನ್ನ ಪಕ್ಕದ ಕ್ಯೂಬಿಕಲ್ಲಿನಲ್ಲೇ ಕೂರುತ್ತಿದ್ದ ಅವನಿಗೆ ಸ್ಕ್ರಿಪ್ಟಿಂಗ್ ಎಂದರೆ ಮಕ್ಕಳಾಟ. ಅವನು ಬರೆದರೆ ನಾನು ಬೇಡ, ನಾನು ಬೇಡವಾದರೆ ಕಂಪನಿ ಕೊಡಿಸಿದ ಕೆಲಸದ ವೀಸಾ ಇಲ್ಲ, ಮತ್ತೆ ಮನೆ. ಇಷ್ಟು ಲೆಕ್ಕ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಎಲ್ಲ ಮಷೀನುಗಳೂ ಒಂದೊಂದಾಗಿ ದಾರಿಗೆ ಬಂದವು, ಒಂದನ್ನು ಬಿಟ್ಟು. ಅದು ಹಿಂದಿನ ಸ್ಟೋರ್ ರೂಮಿನಲ್ಲಿದ್ದ ಹಳೆಯ ಯುನಿಕ್ಸ್ ಮಷೀನು. ಅಂಥದ್ದನ್ನು ಬಳಸುವ ಒಂದೇ ಒಂದು ಲ್ಯಾಬು ನಮ್ಮ ಗ್ರಾಹಕರಲ್ಲಿತ್ತು, ಅದಕ್ಕಾಗಿ ಇದನ್ನು ಸಾಕಿದ್ದರು. ಪರದೆ ಇಲ್ಲ, ಕೀಬೋರ್ಡಿಲ್ಲ. ರಟ್ಟಿನ ಡಬ್ಬಗಳ ನಡುವೆ ಗುಂಯ್ ಎನ್ನುತ್ತ ಕೂತಿತ್ತು. ನಾವೆಲ್ಲ ನಮ್ಮ ಮೇಜಿನಿಂದಲೇ ನೆಟ್‌ವರ್ಕಿನ ಮೂಲಕ ಅದಕ್ಕೆ ಕೆಲಸ ಹೇಳುತ್ತಿದ್ದೆವು. ನನ್ನ ಟೆಸ್ಟು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅದನ್ನು ಕೇಳುತ್ತಿತ್ತು: ನೀನು ಎದ್ದು ಎಷ್ಟು ಹೊತ್ತಾಯಿತು? ಮಧ್ಯಾಹ್ನದ ಉತ್ತರ ಬೆಳಗಿನದಕ್ಕಿಂತ ದೊಡ್ಡದಿರಬೇಕು. ಮೂರನೇ ಕ್ಲಾಸಿನ ಹುಡುಗರೂ ಒಪ್ಪುವ ಮಾತು. ಈ ಮಹಾಶಯ ಮಾತ್ರ ಕೆಲವು ದಿನ ಮಧ್ಯಾಹ್ನ, ಈಗಷ್ಟೇ ಎದ್ದೆ ಎನ್ನುತ್ತಿತ್ತು.

ಮಷೀನುಗಳನ್ನು ನೋಡಿಕೊಳ್ಳುವ ಅಡ್ಮಿನ್ ಒಬ್ಬನಿದ್ದ, ಉದ್ದ ಗಡ್ಡದ ಅಮೆರಿಕನ್. ಈ ಮಷೀನು ಮಧ್ಯದಲ್ಲಿ ಬಿದ್ದು ಏಳುತ್ತಿದೆಯೇ ಎಂದು ಕೇಳಿದ್ದಕ್ಕೆ ಅವನಿಗೆ ಅವಮಾನವಾಯಿತು. ಈ ಬಿಲ್ಡಿಂಗಿಗೆ ಬಂದ ದಿನದಿಂದ ಅದು ಒಮ್ಮೆಯೂ ಬಿದ್ದಿಲ್ಲ, ಅದರ ಗಡಿಯಾರದ ಬ್ಯಾಟರಿ ಹಳೆಯದು, ಸಮಯ ತಪ್ಪು ಹೇಳುತ್ತದೆ, ನಿನ್ನ ಫಂಕ್ಷನ್ನು ಅದನ್ನು ಸರಿದೂಗಿಸಬೇಕು ಎಂದ. ಮಷೀನಿನ ಒಳದಾಖಲೆ ತೆಗೆದು ನೋಡುವ ಅಧಿಕಾರ ಅವನೊಬ್ಬನಿಗೇ ಇತ್ತು. ಒಮ್ಮೆ ನೋಡು ಎಂದರೆ, ಬೀಳದೇ ಇದ್ದದ್ದನ್ನು ಏನೆಂದು ನೋಡಲಿ ಎಂದು ನಕ್ಕ. ನಾನೂ ಅವನ ಮಾತು ನಂಬಿ ನನ್ನ ಸಾಲುಗಳನ್ನೇ ಅನುಮಾನಿಸಿದೆ. ನಿಮಿಷ ಓದುವ ಭಾಗ ಅಳಿಸಿ ಬರೆದೆ, ತಾಸು ಓದುವ ಭಾಗ ಅಳಿಸಿ ಬರೆದೆ. ಎರಡು ದಿನ ಟೆಸ್ಟು ಪಾಸಾಗುತ್ತಿತ್ತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮೂರನೇ ದಿನ ಮಧ್ಯಾಹ್ನ ಮತ್ತೆ ಅದೇ ರಾಗ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮನೆಯಲ್ಲೂ ಅದೇ ಸುದ್ದಿ. ಗಂಡ ಒಂದು ದಿನ ಕೇಳಿಯೇಬಿಟ್ಟ: "ಆ ಮಷೀನ ಏನ್ ನಿನ್ನ ಅತ್ತೀ ಏನ? ಹಗಲೆಲ್ಲಾ ಅದನ್ನ ಬೈಕೋತ ಇರ್ತೀಯಲ್ಲ." ಮಗಳಿಗೆ ನಾವು ಆಡುವ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಮ್ಮಾ ಈಸ್ ಆಲ್ವೇಸ್ ಮ್ಯಾಡ್" ಎಂದಳು. ನಾನು ಇಬ್ಬರ ಮೇಲೂ ರೇಗಿದೆ.

ಆ ದಿನಗಳಲ್ಲಿ ನನಗೆ ಇದ್ದ ಒಂದೇ ಸಮಾಧಾನ ಮಧ್ಯಾಹ್ನದ ಊಟ. ಆಫೀಸಿನಲ್ಲಿ ನಾವು ನಾಲ್ಕು ಜನ ಕನ್ನಡದವರು ಒಟ್ಟಿಗೆ ಕೂತು ಉಣ್ಣುತ್ತಿದ್ದೆವು. ಅದನ್ನು ಕಟ್ಟಿ ನಿಲ್ಲಿಸಿದ್ದವರು ಉಡುಪಿ ಕಡೆಯ ಒಬ್ಬ ಹಿರಿಯರು. ನಾವು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಅವರು ಕೆಮಿಸ್ಟ್ರಿ ಓದಿದವರು, ಕಂಪ್ಯೂಟರಿನ ಗೊಡವೆ ಕಡಿಮೆ. ಲ್ಯಾಬುಗಳಿಂದ ಬರುವ ಫೋನುಗಳಿಗೆ ಉತ್ತರ ಹೇಳುವುದು ಅವರ ಕೆಲಸ. ನನ್ನನ್ನು ಈ ಕಂಪನಿಗೆ ಸೇರಿಸಿದ್ದೂ ಅವರೇ. ಒಂದು ಪೂಜೆಯ ಊಟದಲ್ಲಿ ಪರಿಚಯವಾಗಿ, ಮನೆಯಲ್ಲಿ ಯಾಕೆ ಕೂತಿದ್ದೀ ಎಂದು ಗದರಿ, ನನ್ನ ರೆಸ್ಯುಮೆಯನ್ನು ತಾವೇ ಒಯ್ದು ಮ್ಯಾನೇಜರಿಗೆ ಕೊಟ್ಟಿದ್ದರು.

ಅಣ್ಣನಿಗೆ ಕುಚ್ಚಲಕ್ಕಿ ಅನ್ನ ಬೇಕು, ಅದೂ ಬಿಸಿ ಬಿಸಿ. ಡಬ್ಬಿಯಲ್ಲಿ ತಂದು ಬಿಸಿ ಮಾಡಿಕೊಳ್ಳಬಾರದೇ ಎಂದು ನಾನು ಕೇಳಿದ್ದೆ. "ಮೈಕ್ರೋವೇವಿನಲ್ಲಿ ಬಿಸಿ ಮಾಡಿದ್ರೆ ಅದು ಅನ್ನವಾ ಮಾರಾಯ್ತಿ? ರಬ್ಬರು!" ಎಂದರು. ಮನೆಯಿಂದ ಎಲೆಕ್ಟ್ರಿಕ್ ಕುಕ್ಕರು ತಂದು ಆಫೀಸಿನಲ್ಲೇ ಇಟ್ಟಿದ್ದರು. ಕಿಚನ್ನಿನಲ್ಲಿ ವಾಸನೆ ಬರುತ್ತದೆ ಎಂದು ಯಾರೋ ಮೂಗು ಮುರಿದ ಮೇಲೆ ಅದನ್ನು ಎಲ್ಲಿಗೋ ಸಾಗಿಸಿದ್ದರು. ಹನ್ನೊಂದಕ್ಕೆ ಹೋಗಿ ಹಚ್ಚಿ ಬರುವರು, ಊಟದ ಹೊತ್ತಿಗೆ ಕೆಂಪನೆ ಅನ್ನದ ಪಾತ್ರೆ ಹಿಡಿದು ಬರುವರು. ನಾವು ಸಾರು, ಪಲ್ಯ, ಉಪ್ಪಿನಕಾಯಿ ತರುತ್ತಿದ್ದೆವು. "ಅಣ್ಣಾರ, ನಾ ರೊಟ್ಟಿ ಊರಾಕಿ, ನಂಗ ಎರಡ ತುತ್ತ ಸಾಕ್ರಿ" ಎಂದರೆ, "ಎರಡು ತುತ್ತು ಅನ್ನುವವರೇ ಪಾತ್ರೆ ಖಾಲಿ ಮಾಡುದು" ಎಂದು ಬಡಿಸುತ್ತಿದ್ದರು. ಮಷೀನಿನ ಮೇಲಿನ ಸಿಟ್ಟು ಆ ಅನ್ನದ ಮುಂದೆ ಅರ್ಧ ಇಳಿಯುತ್ತಿತ್ತು.

ಬೇಸಿಗೆಯಲ್ಲಿ ಅಣ್ಣ ಮದುವೆಯೊಂದಕ್ಕೆ ಊರಿಗೆ ಹೋದರು. ಅದೇ ವಾರ ಮ್ಯಾನೇಜರಿನ ತಾಳ್ಮೆ ಮುಗಿಯಿತು. ಆ ಒಂದು ಫಂಕ್ಷನ್ನನ್ನು ಸಿ ಭಾಷೆಯವನಿಗೆ ಕೊಟ್ಟ. ಅವನು ಒಂದು ಮಧ್ಯಾಹ್ನದಲ್ಲಿ ಬರೆದು ಎಸೆದ. ಪಾಸಾಯಿತು. ಮರುದಿನವೂ ಪಾಸು, ಅದರ ಮರುದಿನವೂ ಪಾಸು, ಮೂರು ವಾರ ಒಮ್ಮೆಯೂ ಮುಗ್ಗರಿಸಲಿಲ್ಲ. ನನ್ನ ತಿಂಗಳುಗಳ ಒದ್ದಾಟ ಎಲ್ಲರಿಗೂ ತಮಾಷೆಯಾಯಿತು. ಮೀಟಿಂಗಿನಲ್ಲಿ ಮ್ಯಾನೇಜರು ಅವನ ಬೆನ್ನು ತಟ್ಟಿ, ಉಳಿದ ಫಂಕ್ಷನ್ನುಗಳನ್ನೂ ಹಾಗೇ ಬರೆದುಬಿಡು ಎಂದ. ನನ್ನ ಕಡೆ ತಿರುಗಿ, ನೀನು ಇವನ ಕೆಲಸ ಮುಗಿಯುವವರೆಗೆ ಟೆಸ್ಟು ಮಾಡಿಕೊಡು ಎಂದ. ಮುಗಿದ ಮೇಲೆ ಏನು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಸೋತದ್ದಕ್ಕಲ್ಲ, ಎಲ್ಲಿ ಸೋತೆ ಎಂದು ತಿಳಿಯದ್ದಕ್ಕೆ. ಅವನ ಸಾಲುಗಳನ್ನೂ ನನ್ನ ಸಾಲುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೆ, ನನ್ನದರಲ್ಲಿ ತಪ್ಪಿರಲಿಲ್ಲ.

ಅಣ್ಣ ಹಪ್ಪಳ, ಸಂಡಿಗೆ ಹೊತ್ತು ಊರಿನಿಂದ ಬಂದರು. ಆ ವಾರವೇ ಟೆಸ್ಟು ಮತ್ತೆ ಫೇಲಾಯಿತು. ಈ ಸಲ ಅವನ ಫಂಕ್ಷನ್ನು! ನನಗೆ ಕುಣಿಯುವಷ್ಟು ಸಂತೋಷವಾಯಿತು, ಆದರೆ ಎಷ್ಟು ಹೊತ್ತಿನದು? ಅವನು, ನನ್ನ ಕೋಡು ಸರಿಯಾಗಿದೆ, ಅವಳ ಟೆಸ್ಟೇ ಸರಿಯಿಲ್ಲ ಎಂದ, ಮ್ಯಾನೇಜರು ಹೌದೆಂದು ತಲೆಯಾಡಿಸಿದ. ನನ್ನದು ಬಿದ್ದರೆ ನನ್ನ ಫಂಕ್ಷನ್ನಿನ ತಪ್ಪು, ಅವನದು ಬಿದ್ದರೂ ನನ್ನ ಟೆಸ್ಟಿನ ತಪ್ಪು.

ಒಂದು ದಿನ ಊಟದ ಹೊತ್ತಾದರೂ ಅಣ್ಣನ ಫೋನು ಮುಗಿದಿರಲಿಲ್ಲ. ಯಾವುದೋ ಲ್ಯಾಬಿನವರು ಬಿಡುತ್ತಿರಲಿಲ್ಲ. ನಾನು ಹಾದುಹೋಗುವಾಗ ಅವರು ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: "ಸ್ಟೋರ್ ರೂಮಿನಲ್ಲಿ ಅನ್ನ ಉಂಟು, ಆಯ್ತಾ ನೋಡು ಮಾರಾಯ್ತಿ. ಪ್ರಿಂಟರು ಓಡುವಾಗ ಒಂದೊಂದು ಸಲ ಟಕ್ ಅಂತ ಕರೆಂಟು ಹೋಗ್ತದೆ. ಪ್ಲಗ್ಗಿನ ಪಟ್ಟಿಯಲ್ಲಿ ಕೆಂಪು ಗುಂಡಿ ಉಂಟಲ್ಲ, ಒತ್ತಿದ್ರೆ ಬರ್ತದೆ."

ಹೋದೆ. ಡಬ್ಬಗಳ ಮೇಲೆ ಕುಕ್ಕರು ಕುದಿಯುತ್ತಿತ್ತು. ಅದರ ವೈರು ನೆಲದ ಮೇಲಿದ್ದ ಪ್ಲಗ್ಗುಪಟ್ಟಿಗೆ ಇಳಿದಿತ್ತು. ಅದೇ ಪಟ್ಟಿಗೆ ದೊಡ್ಡ ಪ್ರಿಂಟರು, ಅದೇ ಪಟ್ಟಿಗೆ ಆ ಹಳೆಯ ಮಷೀನು. ನಾನು ನೋಡುತ್ತಿದ್ದ ಹಾಗೆಯೇ ಪ್ರಿಂಟರಿಗೆ ಯಾರೋ ಕೆಲಸ ಕಳಿಸಿದರು. ಅದು ಕೆರಳಿ ಎದ್ದಿತು, ಪಟ್ಟಿ ಟಕ್ ಎಂದಿತು. ಕುಕ್ಕರಿನ ದೀಪ ಆರಿತು. ಗುಂಯ್ ಎನ್ನುವ ಸದ್ದೂ ನಿಂತಿತು. ಕೆಂಪು ಗುಂಡಿ ಒತ್ತಿದೆ. ಅನ್ನ ಮತ್ತೆ ಕುದಿಯತೊಡಗಿತು, ಮಷೀನು ಏನೂ ಆಗದವರ ಹಾಗೆ ಏಳತೊಡಗಿತು.

ಅಷ್ಟೂ ತಿಂಗಳು ಅದು ನಿಜ ಹೇಳಿತ್ತು. ನನ್ನ ಫಂಕ್ಷನ್ನೂ ನಿಜ ಹೇಳಿತ್ತು. ಈಗಷ್ಟೇ ಎದ್ದೆ ಎಂದರೆ ಈಗಷ್ಟೇ ಎದ್ದಿತ್ತು. ಆ ಅನ್ನವನ್ನೇ ಉಂಡು ಬಂದು ನಾನು ನನ್ನ ಸರಿಯಾದ ಸಾಲುಗಳನ್ನು ಅಳಿಸುತ್ತ ಕೂತಿದ್ದೆ. ಸಿಟ್ಟು ನೆತ್ತಿಗೇರಿತು. ಹೊರಬಂದಾಗ ಅಣ್ಣ ಇನ್ನೂ ಫೋನಿನಲ್ಲಿದ್ದರು, ಆಯ್ತಾ ಎಂದು ಹುಬ್ಬಿನಲ್ಲೇ ಕೇಳಿದರು. ನಾನು ಅವರನ್ನು ದಾಟಿ ನಡೆದೆ. ಮ್ಯಾನೇಜರು, ಅಡ್ಮಿನ್, ಸಿ ಭಾಷೆಯವನು, ಮೂವರನ್ನೂ ಎಬ್ಬಿಸಿಕೊಂಡು ಸ್ಟೋರ್ ರೂಮಿಗೆ ಬಂದೆ. ದೊಡ್ಡದೊಂದು ಮ್ಯಾನ್ಯುಯಲನ್ನು ಪ್ರಿಂಟಿಗೆ ಕಳಿಸಿಯೇ ಬಂದಿದ್ದೆ. ಎಲ್ಲರ ಕಣ್ಣೆದುರಿಗೇ ಪಟ್ಟಿ ಟಕ್ ಎಂದಿತು, ಮಷೀನು ಸತ್ತಿತು.

ಅಡ್ಮಿನ್ ಗಡ್ಡ ನೀವಿಕೊಂಡ. ಮ್ಯಾನೇಜರು ಜೋರಾಗಿ ನಕ್ಕ. ಸಿ ಭಾಷೆಯವನು ಕುಕ್ಕರಿನ ಮುಚ್ಚಳ ಎತ್ತಿ, ಈ ಕೆಂಪು ಕೆಂಪು ಏನು, ಯಾವ ಲ್ಯಾಬಿನ ಸ್ಯಾಂಪಲ್ಲು ಎಂದ. ಅಷ್ಟರಲ್ಲಿ ಸೇರಿದ್ದ ಏಳೆಂಟು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ಅಣ್ಣ, ಕೈಯಲ್ಲಿ ಅನ್ನದ ಸೌಟು. ಅವರು ಒಳಗೆ ಬಂದು, ವೈರು ಕಿತ್ತು ಸುತ್ತಿ, ಕುದಿಯುವ ಕುಕ್ಕರನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ನಡೆದರು.

ಪಾರ್ಕಿಂಗ್ ಲಾಟಿನಲ್ಲಿ ಅವರನ್ನು ಹಿಡಿದೆ. ಕುಕ್ಕರನ್ನು ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದರು.

"ನನ್ನ ಹತ್ರ ಒಂದು ಮಾತು ಹೇಳಿದ್ರೆ ನಾನೇ ತೆಗಿತಿರ್ಲಿಲ್ವಾ?" ಎಂದರು. "ಅವರನ್ನೆಲ್ಲ ಕರ್ಕೊಂಡು ಬಂದು ತೋರಿಸ್ಬೇಕಿತ್ತಾ?"

"ಸುಮ್ನ ತೆಗದಿದ್ರ ಟೆಸ್ಟ್ ಮತ್ತ ಪಾಸ್ ಆಗತಿತ್ರಿ ಅಣ್ಣಾರ, ಹೆಸರ ಅವಂಗ ಹೋಗತಿತ್ತು. ತೋರಿಸಲಿಲ್ಲಂದ್ರ ಯಾರ ನಂಬ್ತಿದ್ರರಿ?"

"ಅದು ಸರಿಯೇ" ಎಂದರು ಅಣ್ಣ. ಡಿಕ್ಕಿ ಮುಚ್ಚಿದರು. ಆ ದಿನ ಅವರು ನನ್ನನ್ನು ಮಾರಾಯ್ತಿ ಎನ್ನಲಿಲ್ಲ.

ನನ್ನ ಫಂಕ್ಷನ್ನುಗಳು ಪ್ರಾಡಕ್ಟಿನೊಳಗೆ ಹೋದವು. ಸಾರಿ ಎಂದು ಯಾರೂ ಹೇಳಲಿಲ್ಲ; ಸರಿ, ನಿನ್ನದೇ ಇರಲಿ ಬಿಡು ಎಂದ ಮ್ಯಾನೇಜರು, ಅದೇ ದೊಡ್ಡ ಉಪಕಾರವೆಂಬಂತೆ. ಕೆಲಸ ಉಳಿಯಿತು, ವೀಸಾ ಉಳಿಯಿತು. ಆಫೀಸಿನಲ್ಲಿ ಬಿಸಿ ಮಾಡುವ ಸಾಮಾನು ತರಕೂಡದು ಎಂದು ಎಲ್ಲರಿಗೂ ಮೇಲ್ ಬಂತು. ಅಣ್ಣ ಮಧ್ಯಾಹ್ನ ತಮ್ಮ ಕಾರಿನಲ್ಲಿ ಕೂತು ಮೊಸರನ್ನದ ಡಬ್ಬಿ ಬಿಚ್ಚತೊಡಗಿದರು. ಕರೆದರೆ, ಬಿಸಿಲಿಗೆ ಕೂತ್ರೆ ಹಿತವಾಗ್ತದೆ, ನೀವು ಊಟ ಮಾಡಿ ಎನ್ನುತ್ತಿದ್ದರು. ಉಳಿದಿಬ್ಬರು ತಮ್ಮ ತಮ್ಮ ಮೇಜಿನಲ್ಲೇ ಉಣ್ಣತೊಡಗಿದರು. ನಾನೇನು ತಪ್ಪು ಮಾಡಿದೆ ಎಂದು ಬೇ ಬ್ರಿಡ್ಜಿನ ಮೇಲೆ ಕಾರಿನಲ್ಲಿ ಒಬ್ಬಳೇ ಜಗಳವಾಡುತ್ತಿದ್ದೆ. ಇವತ್ತಿಗೂ ನನ್ನದೇ ಸರಿ ಎನ್ನುತ್ತೇನೆ, ಇವತ್ತಿಗೂ ಸಿಟ್ಟು ಹೋಗಿಲ್ಲ.

ಮಧ್ಯಾಹ್ನ ಮೇಜಿನಲ್ಲಿ ತಣ್ಣನೆಯ ರೊಟ್ಟಿ ಮುರಿಯುತ್ತ ಆ ಹಳೆಯ ಮಷೀನನ್ನು ಕೇಳುತ್ತಿದ್ದೆ, ನೀನು ಎದ್ದು ಎಷ್ಟು ಹೊತ್ತಾಯಿತು? ದಿನಕ್ಕೊಂದು ದಿನ ಕೂಡುತ್ತ ಆ ಸಂಖ್ಯೆ ಒಮ್ಮೆಯೂ ಇಳಿಯದೆ ಬೆಳೆಯುತ್ತಿತ್ತು. ಅಣ್ಣ ನಮ್ಮೊಂದಿಗೆ ಊಟ ಬಿಟ್ಟು ಎಷ್ಟು ದಿನವಾಯಿತೆಂದು ನಾನು ಬೇರೆ ಲೆಕ್ಕ ಇಡಬೇಕಿರಲಿಲ್ಲ. ನನ್ನ ಫಂಕ್ಷನ್ನೇ ಹೇಳುತ್ತಿತ್ತು, ಒಂದು ನಿಮಿಷವೂ ತಪ್ಪದೆ.