ಯಾವ ಕ್ಲಾಸು ಎಂದು ಕೇಳಿದರೆ

ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಹಾಲಿನ ಡೈರಿಯ ಮುಂದೆ, ಎಲ್ಲಿ ಹೋದರೂ ಜನ ನನ್ನ ಮಗಳನ್ನು ಮೊದಲು ಕೇಳುತ್ತಿದ್ದುದು ಯಾವ ಕ್ಲಾಸು ಎಂದು. ಅವಳು ಯಾವ ಕ್ಲಾಸಿನಲ್ಲೂ ಇರಲಿಲ್ಲ. ಹತ್ತು ವರ್ಷ ತುಂಬುವವರೆಗೆ ಅವಳನ್ನು ನಾವು ಶಾಲೆಗೆ ಸೇರಿಸಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಉತ್ತರ ಕೊಡುತ್ತಿದ್ದಳು. "ಮನೇಲೇ ಕಲೀತವ್ಳೆ" ಎಂದು ಹೇಳಿ ಬೇರೆ ಮಾತು ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದೆ, ಅಷ್ಟೆ.

ನಮ್ಮದು ಸಾತನೂರಿನ ಹತ್ತಿರದ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಹುಳುಮನೆ. ನಾನು ಎಸ್ಸೆಸ್ಸೆಲ್ಸಿ ಓದಿದವನು. ಹೆಂಡತಿ ಡಿಗ್ರಿ ಮಾಡಿದ್ದಳು. ಮಗಳು ಹುಟ್ಟುವ ಮೊದಲು ನಾಲ್ಕು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡಿ ಬಿಟ್ಟಳು. ಅಲ್ಲಿ ತನ್ನ ಮುಖ್ಯ ಕೆಲಸ ಮಕ್ಕಳ ಬಾಯಿ ಮುಚ್ಚಿಸುವುದಾಗಿತ್ತು ಎಂದು ಹೇಳುತ್ತಿದ್ದಳು. ಹಾಗಾಗಿ ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳೋಣ ಎಂದಾಗ ನಾನು ಬೇಡ ಅನ್ನಲಿಲ್ಲ. ಅನ್ನಲು ನನಗೇನು ತಿಳಿದಿತ್ತು?

ಅವಳು ಮಗುವನ್ನು ಕೂರಿಸಿಕೊಂಡು ಪಾಠ ಹೇಳಿದ್ದನ್ನು ನಾನು ನೋಡಿಲ್ಲ. ಮಗಳು ಅಕ್ಷರ ಕಲಿತದ್ದು ಬಸ್ ಬೋರ್ಡುಗಳಿಂದ. ಕನಕಪುರದ ನಿಲ್ದಾಣದಲ್ಲಿ ಇಬ್ಬರೂ ಕಟ್ಟೆಯ ಮೇಲೆ ಕೂತು, ಹತ್ತಬೇಕಾದ ಬಸ್ಸನ್ನೂ ಬಿಟ್ಟು, ಬರುವ ಬಸ್ಸುಗಳ ಹಣೆ ಓದುತ್ತಿದ್ದರು. ಮಾಗಡಿಯ ಮಾ, ರಾಮನಗರದ ರಾ. ಚನ್ನಪಟ್ಟಣದ ಒತ್ತಕ್ಷರಗಳು ಬಹಳ ದಿನ ಕಾಡಿದವು. ಮಗಳು ಏನಾದರೂ ಕೇಳಿದರೆ ನನ್ನ ಹೆಂಡತಿ ತಕ್ಷಣ ಉತ್ತರ ಹೇಳುತ್ತಿರಲಿಲ್ಲ. "ಬಾ, ನೋಡಣ" ಎನ್ನುತ್ತಿದ್ದಳು. ದಿನಕ್ಕೆ ಹತ್ತು ಸಲ ಆ ಮಾತು ಕೇಳುತ್ತಿತ್ತು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ನನ್ನ ಹೆಂಡತಿ ಒಲೆಯ ಮುಂದೆಯೇ ಕುಸಿದಳು. ಕನಕಪುರ ತಲುಪುವಷ್ಟರಲ್ಲಿ ಉಸಿರು ಇರಲಿಲ್ಲ.

ಬಂದವರೆಲ್ಲ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಮಾತಾಡಿಸುತ್ತಿದ್ದವಳು ಅವಳು. ನಾನೂ ಮಗಳೂ ಪರಸ್ಪರ ಮಾತಾಡಿಕೊಂಡೇ ಇರಲಿಲ್ಲವೇನೋ ಎಂದು ಆಗ ಅನ್ನಿಸಿತು. ಮಗುವಿಗೆ ಇಷ್ಟು ವರ್ಷ ಏನು ಕಲಿಸಿದ್ದಾಳೆ, ಎಲ್ಲಿಗೆ ನಿಲ್ಲಿಸಿದ್ದಾಳೆ ಎಂದು ಬೀರುವಿನಲ್ಲಿ ಹುಡುಕಿದೆ. ಒಂದು ನೋಟ್‌ಬುಕ್ಕೂ ಸಿಗಲಿಲ್ಲ.

ಹೆದರಿಕೆಯಾಯಿತು. ಪೇಟೆಯಿಂದ ಕರಿಹಲಗೆ ತಂದು ನಡುಮನೆಯ ಗೋಡೆಗೆ ಹೊಡೆದೆ. ಹತ್ತರಿಂದ ಹನ್ನೊಂದು ಲೆಕ್ಕ, ಹನ್ನೊಂದರಿಂದ ಹನ್ನೆರಡು ಕನ್ನಡ ಎಂದು ಬರೆದೆ. ಮಗಳು ಎದುರಾಡದೆ ಬಂದು ಕೂತಳು. ದಿನಾ ಕೂತಳು. ಕೆಲವು ವಾರಗಳಲ್ಲಿ ಅವಳು ಏನನ್ನೂ ಕೇಳದಂತಾದಳು. ಶಿಸ್ತು ಬಂತು ಎಂದುಕೊಂಡೆ.

ಮಾಘದ ಬೆಳೆಯಲ್ಲಿ ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವ ಹೊತ್ತನ್ನು ನಾವು ಜ್ವರ ಎನ್ನುತ್ತೇವೆ. ಆಗ ಅವು ತಲೆ ಎತ್ತಿ ಕದಲದೆ ನಿಲ್ಲುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಹೆಚ್ಚುಕಮ್ಮಿ ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಆ ಹೊತ್ತನ್ನು ಹೇಳುತ್ತಿದ್ದವಳು ನನ್ನ ಹೆಂಡತಿ. ನಾನು ಸೊಪ್ಪು ಕೊಯ್ದು ತರುವವನು ಮಾತ್ರ. ಅಂದು ಸೊಪ್ಪಿನ ಹೊರೆ ಹೊತ್ತು ಬಂದಾಗ ಮಗಳು ಹುಳುಮನೆಯ ಬಾಗಿಲಲ್ಲಿದ್ದಳು.

"ಅಪ್ಪ, ಇನ್ನೂ ಎದ್ದಿಲ್ಲ."

"ಹತ್ತು ಗಂಟೆ ಆಗೈತೆ. ಹೋಗಿ ಲೆಕ್ಕ ಮಾಡೋಗು" ಎಂದೆ.

ಹೋದಳು. ನಾನು ಸೊಪ್ಪು ಹಾಸಿದೆ.

ವಾರ ಕಳೆಯುವಷ್ಟರಲ್ಲಿ ಒಂದೇ ತಟ್ಟೆಯಲ್ಲಿ ಎರಡು ಗಾತ್ರದ ಹುಳು ಕಾಣಿಸಿದವು. ಮೊದಲೇ ಎದ್ದವು ಮೇದು ಬೆಳೆದಿದ್ದವು, ಉಳಿದವು ಹಿಂದೆ ಬಿದ್ದಿದ್ದವು. ಕೊನೆಗೆ ಕೆಲವು ಗೂಡು ಕಟ್ಟಲು ಹಣ್ಣಾಗಿದ್ದವು, ಕೆಲವು ಇನ್ನೂ ಮೇಯುತ್ತಿದ್ದವು. ಹಣ್ಣಾದವನ್ನು ಒಂದೊಂದಾಗಿ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕಾಯಿತು. ನಾವಿಬ್ಬರೇ ನಾಲ್ಕು ದಿನ ಆರಿಸಿದೆವು.

ಎರಡನೆಯ ದಿನ ಕೇಳಿದೆ. "ಎದ್ದಿಲ್ಲ ಅಂತ ನಿಂಗೆಂಗ್ ಗೊತ್ತಾಯ್ತು?"

"ಮೆಲ್ಲಗೆ ಊದ್ದೆ. ಎದ್ದಿದ್ರೆ ತಲೆ ಆಡಿಸ್ತವೆ. ಅರ್ಧಕ್ಕರ್ಧ ಆಡಿಸ್ಲೇ ಇಲ್ಲ."

"ಅದನ್ನ ಇನ್ನೊಂದ್ಸತಿ ಹೇಳ್ಬಾರ್ದಾಗಿತ್ತಾ?"

"ನೀನು ಲೆಕ್ಕ ಮಾಡು ಅಂದ್ಯಲ್ಲ" ಎಂದಳು. ಕೋಪವೇನೂ ಇರಲಿಲ್ಲ. ಕೈ ಹುಳು ಆರಿಸುತ್ತಲೇ ಇತ್ತು.

ನನ್ನ ಹೆಂಡತಿ ಯಾವ ಕೆಲಸವನ್ನು ಬೇಡವೆಂದು ಬಿಟ್ಟು ಬಂದಿದ್ದಳೋ ಅದನ್ನು ನಾನು ಅವಳ ಮನೆಯಲ್ಲೇ ಮಾಡಿದ್ದೆ. ಸಂಜೆ ಕರಿಹಲಗೆ ಕಿತ್ತು ಅಟ್ಟಕ್ಕೆ ಹಾಕಿದೆ. ಮೊಳೆಯ ತೂತು ಈಗಲೂ ಗೋಡೆಯಲ್ಲಿದೆ.

ಬೇಸಿಗೆಯಲ್ಲಿ ಕುದೂರಿನಿಂದ ಅಕ್ಕ ಬಂದಳು. ಶಾಲೆಗೆ ಸೇರಿಸುವ ಕಾಲ.

"ಅವ್ಳು ಓದ್ಕಂಡಿದ್ಲು, ಹೆಂಗೋ ಹೇಳ್ಕೊಡ್ತಿದ್ಲು. ನೀನೇನ್ಲಾ ಹೇಳ್ಕೊಡ್ತೀಯ, ಸೊಪ್ಪು ಕುಯ್ಯೋದಾ?"

"ಅವ್ಳಮ್ಮನ ಆಸೆ ಅದು, ಅಕ್ಕ."

"ಅವ್ಳಮ್ಮನ ಆಸೆಯೋ, ನಿಂದೋ? ಮಗ್ಳು ಹೊರಟೋದ್ರೆ ಮನೆ ಬಿಕೋ ಅಂತದೆ ಅಂತ ಮಡಿಕ್ಕಂಡಿದ್ದೀಯ ಕಣ್ಲಾ. ಸುಳ್ಳು ಅನ್ನು ನೋಡನ."

ಅಕ್ಕ ಹೋದ ಮೇಲೂ ಆ ಮಾತು ಉಳಿಯಿತು. ಮಗಳನ್ನು ಕೇಳದೆ ಏನನ್ನೂ ತೀರ್ಮಾನಿಸದಿರುವುದು ನನ್ನ ಹೆಂಡತಿಯ ಕ್ರಮ. ನಾನು ಮಾತ್ರ ಇದುವರೆಗೆ ನಿನಗೇನು ಬೇಕು ಎಂದು ಮಗಳನ್ನು ಕೇಳಿರಲಿಲ್ಲ. ಎರಡು ದಿನ ಬಿಟ್ಟು, ಹಾಲು ಹಾಕಿ ಡೈರಿಯಿಂದ ನಡೆದು ಬರುವಾಗ ಕೇಳಿದೆ.

"ಇಸ್ಕೂಲ್ ಹೆಂಗಿರ್ತದೆ ಅಂತ ನೋಡ್ಬೇಕು ಅನ್ಸ್ತದಾ ನಿಂಗೆ?"

ಖಾಲಿ ಕ್ಯಾನು ಅವಳ ಮೊಣಕಾಲಿಗೆ ತಾಗಿ ಸದ್ದು ಮಾಡುತ್ತಿತ್ತು.

"ಅನ್ಸ್ತದೆ. ನಾನೋದ್ರೆ ಹುಳ ಊದಿ ನೋಡೋರ್ಯಾರು?"

"ನಾ ಕಲ್ತ್ಕತೀನಿ."

"ನೀನು ಜೋರಾಗಿ ಊದ್ತೀಯ" ಎಂದಳು. ಆಮೇಲೆ, "ಒಸಿ ದಿನ ಹೋಗಿ ನೋಡ್ಕಂಡ್ ಬತ್ತೀನಿ. ಬ್ಯಾಡ ಅನ್ಸುದ್ರೆ ಬುಟ್ಬುಡ್ತೀನಿ" ಎಂದಳು.

"ಬುಟ್ಬುಡು" ಎಂದೆ.

ಜೂನ್‌ನಿಂದ ಹೋಗುತ್ತಿದ್ದಾಳೆ. ಇನ್ನೂ ಬಿಟ್ಟಿಲ್ಲ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಐದು ಎನ್ನುತ್ತಾಳೆ. ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ನನ್ನ ಹೆಂಡತಿ ಕೊಡುತ್ತಿದ್ದ ಉತ್ತರ ಈಗ ಯಾರಿಗೂ ಬೇಕಾಗಿಲ್ಲ. ಅದೊಂದು ನನ್ನಲ್ಲೇ ಉಳಿದಿದೆ.

ಬೆಳಿಗ್ಗೆ ಎಂಟೂವರೆಗೆ ಅವಳು ಬಸ್ ಹತ್ತಿದರೆ ಮನೆಯಲ್ಲಿ ಪಾತ್ರೆಯ ಸದ್ದನ್ನೂ ನಾನೇ ಮಾಡಬೇಕು. ಇವತ್ತು ಹುಳು ಮೂರನೇ ಜ್ವರದಿಂದ ಏಳುವ ದಿನ. ಮಧ್ಯಾಹ್ನ ಹೋಗಿ ಬಗ್ಗಿ ಊದಿದೆ, ಆದಷ್ಟು ಮೆಲ್ಲಗೆ. ತಲೆ ಆಡಿಸಿದ ಹಾಗೂ ಕಂಡಿತು, ಆಡಿಸದ ಹಾಗೂ ಕಂಡಿತು. ಕೊಯ್ದ ಸೊಪ್ಪನ್ನು ಮೂಲೆಯಲ್ಲಿಟ್ಟು ಒದ್ದೆ ಗೋಣಿ ಹೊದಿಸಿದೆ. ಅವಳು ಬರುವ ನಾಲ್ಕೂವರೆಯ ಬಸ್ಸಿಗೆ ಇನ್ನೂ ಹೊತ್ತಿದೆ. ಗೋಣಿ ಒಣಗುತ್ತ ಬಂದಾಗಲೆಲ್ಲ ಎದ್ದು ನೀರು ಚಿಮುಕಿಸಿ, ಮತ್ತೆ ಬಾಗಿಲಲ್ಲಿ ಬಂದು ಕೂರುತ್ತೇನೆ.