ಹನ್ನೊಂದನೇ ಬಿಲ್ಲೆ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆಗಳನ್ನು ನಾನು ನಂಬುವವನಲ್ಲ. ಬೆಕ್ಕು ಅಡ್ಡ ಬಂದರೆ, ಪಾಪ, ಬೆಕ್ಕಿಗೆ ಇವತ್ತು ಏನು ಕಾದಿದೆಯೋ ಎನ್ನುತ್ತಿದ್ದವನು. ಹರಿಹರದ ಕಡೆಯಿಂದ ಕೆ.ಜಿ.ಎಫ್‌ಗೆ ಫ್ಯಾಕ್ಟರಿ ಕೆಲಸಕ್ಕೆ ಬಂದ ಹೊಸದರಲ್ಲಿ, ಊರಿಗಾಂನ ನಮ್ಮ ಬಾಡಿಗೆ ರೂಮಿನ ಅಕ್ಕಪಕ್ಕದವರು ಮುಚ್ಚಿದ ಗಣಿಯೊಳಗಿಂದ ಸದ್ದು ಬರುತ್ತದೆ ಎಂದರೆ, ಇಲಿ ಇರಬೇಕು, ಪಾಷಾಣ ಇಡಿ ಎಂದು ನಗುತ್ತಿದ್ದೆ. ಈಗ ಇದನ್ನು ಓದಿ ನೀವೂ ನಗಬಹುದು. ನಗಿ, ಬೇಸರವಿಲ್ಲ. ಆರು ವರ್ಷದಿಂದ ಒಬ್ಬನೇ ಹೊತ್ತುಕೊಂಡು ತಿರುಗಿ ನನಗೆ ಸಾಕಾಗಿದೆ.

ಬಂಗಾರಪೇಟೆ ದಾಟಿ ಆಂಧ್ರದ ಗಡಿಯ ಕಡೆ ಹೋದರೆ ಒಂದು ಕಾಡು ಸಿಗುತ್ತದೆ. ಬಂಡೆ, ಜಾಲಿ, ಸೀತಾಫಲದ ಗಿಡ, ನಡುವೆ ಒಂದು ಗುಡ್ಡ. ಬೇರೆಯವರಿಗೆ ಅದೇನು ಮಹಾ ಅನ್ನಿಸಬಹುದು, ವಾರವಿಡೀ ಮೆಷಿನ್ನಿನ ಮುಂದೆ ನಿಲ್ಲುವ ನಮಗೆ ಭಾನುವಾರಕ್ಕೆ ಅದೇ ಸ್ವರ್ಗ. ಮೊದಲೆಲ್ಲ ಯಾರು ಬೇಕಾದರೂ ಹತ್ತಿ ಇಳಿಯುತ್ತಿದ್ದರಂತೆ. ಆನೆಗಳ ಓಡಾಟ ಜಾಸ್ತಿಯಾದ ಮೇಲೆ ಪರವಾನಗಿ ಕಡ್ಡಾಯವಾಯಿತು. ಆನ್‌ಲೈನಿನಲ್ಲಿ ತಲೆಗೆ ಇಷ್ಟೆಂದು ಶುಲ್ಕ ಕಟ್ಟಿ, ಒಬ್ಬೊಬ್ಬರ ಹೆಸರು, ಆಧಾರ್ ನಂಬರು ಕೊಡಬೇಕು. ಬೆಳಿಗ್ಗೆ ಒಳಗೆ ಹೋದವರು ಸಂಜೆ ನಾಲ್ಕಕ್ಕೆ ಹೊರಗಿರಬೇಕು. ನಮ್ಮ ಸೆಕ್ಷನ್ನಿನ ಹತ್ತು ಜನರಿಗೆ ಪರವಾನಗಿ ಮಾಡಿಸಿದವನು ನಾನು. ತಂಡದ ಜವಾಬ್ದಾರಿ ನನ್ನದೆಂದು ಸಹಿ ಹಾಕಿದವನೂ ನಾನೇ.

ಗದಗಿನ ಮಲ್ಲಿಕಾರ್ಜುನ ನನ್ನ ರೂಮಿನವನು, ಫ್ಯಾಕ್ಟರಿಯಲ್ಲಿ ಪಕ್ಕದ ಮೆಷಿನ್ನಿನವನು. ಅವನಿಗೆ ಆ ಭಾನುವಾರ ಡ್ಯೂಟಿ ಇತ್ತು. ಶನಿವಾರ ಸಂಜೆ ಡ್ಯೂಟಿ ಬದಲಾಯಿತು, ಆದರೆ ಅಷ್ಟು ಹೊತ್ತಿಗೆ ಬುಕಿಂಗ್ ಮುಗಿದಿತ್ತು. "ಇರಲಿ ಬಿಡೋ, ನೀವು ಹೋಗಿ ಬರ್ರಿ" ಅಂದ. ಮುಖ ಮಾತ್ರ ಸಣ್ಣಗಾಯಿತು. ಆಗ ನನ್ನ ಬುದ್ಧಿ ಓಡಿತು. ಯಾರಾದರೂ ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವನು. ಗೇಟಿಗಿಂತ ಮೊದಲೇ, ರಸ್ತೆಯ ತಿರುವಿನಲ್ಲಿ, ದನ ಕಾಯುವವರು ಓಡಾಡುವ ಹಳ್ಳದ ದಾರಿ ಇದೆ. ಅಲ್ಲಿ ಇಳಿದು ಒಳಗೆ ಬಂದು ನಮ್ಮನ್ನು ಕೂಡಿಕೋ, ಸಂಜೆ ಅದೇ ದಾರಿಯಲ್ಲಿ ಹೊರಗೆ ಹೋಗಿ ತಿರುವಿನಲ್ಲಿ ನಿಂತಿರು, ವ್ಯಾನಿನಲ್ಲಿ ಹತ್ತಿಸಿಕೊಳ್ಳುತ್ತೇವೆ ಎಂದೆ. ಅವನು ಎರಡು ಸಲ ಬೇಡ ಎಂದ. ಒಪ್ಪಿಸಿದವನು ನಾನು.

ಗೇಟಿನಲ್ಲಿ ಮುನಿಸ್ವಾಮಿ ಎಂಬ ವಯಸ್ಸಾದ ಕಾವಲುಗಾರರಿದ್ದರು. ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ಸ್‌ನವರು. ಗಣಿ ಮುಚ್ಚುವವರೆಗೂ ನೆಲದಡಿ ದುಡಿದು, ಈಗ ಇಲ್ಲಿ ದಿನಗೂಲಿಗೆ ಇದ್ದರು. ಪರವಾನಗಿ ನೋಡಿದ ಮೇಲೂ ಅವರದೇ ಒಂದು ಪದ್ಧತಿ ಇತ್ತು. ಕಾವಲು ಕೋಣೆಯ ಗೋಡೆಗೆ ಒಂದು ಹಲಗೆ, ಹಲಗೆಗೆ ಇಪ್ಪತ್ತು ಮೊಳೆ, ಮೊಳೆಗೊಂದು ನಂಬರು ಕೊರೆದ ತಗಡಿನ ಬಿಲ್ಲೆ. ಒಳಗೆ ಹೋಗುವವರು ಒಂದೊಂದು ಬಿಲ್ಲೆ ಜೇಬಿಗೆ ಹಾಕಿಕೊಂಡು ಹೋಗಬೇಕು, ಬಂದ ಮೇಲೆ ತಾವೇ ಕೈಯಾರೆ ಅದೇ ಮೊಳೆಗೆ ಸಿಕ್ಕಿಸಬೇಕು.

"ಇದೇನು ತಾತ, ಆಧಾರ್ ಸಾಲದಾ?" ಎಂದು ಕಿಚಾಯಿಸಿದೆ.

"ಆಧಾರು ಒಳಗಿರೋನ್ನ ಎತ್ಕೊಂಬತ್ತದಾ ಸಾರ್?" ಅಂದರು. "ಗಣೀಗ್ ಇಳಿಯೋವಾಗ ಇಂಗೇ ಮಾಡ್ತಿದ್ವಿ. ಮೊಳೆ ಖಾಲಿ ಐತೆ ಅಂದ್ರೆ ಆಳು ಕೆಳಗವ್ನೆ. ಬಿಲ್ಲೆ ಬರೋಗಂಟ ಯಾರೂ ಮನೆಗ್ ಓಗಂಗಿಲ್ಲ."

ದಿನ ಚೆನ್ನಾಗಿಯೇ ಕಳೆಯಿತು. ಮಲ್ಲಿಕಾರ್ಜುನ ಹೇಳಿದ ಜಾಗದಲ್ಲಿ ಬಂದು ಸೇರಿದ, ಗುಡ್ಡದ ಮೇಲೆ ಕೂತು ಚಿತ್ರಾನ್ನ ತಿಂದೆವು, ಮೂರಕ್ಕೆ ಅವನು ಹಳ್ಳದ ಕಡೆ ತಿರುಗಿದ. ನಾಲ್ಕಕ್ಕೆ ನಾವು ಹತ್ತೂ ಜನ ಗೇಟಿನಲ್ಲಿದ್ದೆವು. ಎಲ್ಲರೂ ಬಿಲ್ಲೆ ಹಾಕಿದ ಮೇಲೆ ಕೊನೆಗೆ ನಾನು ನನ್ನ ಹತ್ತನೇ ನಂಬರನ್ನು ಸಿಕ್ಕಿಸಿದೆ. ಪಕ್ಕದಲ್ಲೇ ಹನ್ನೊಂದು ನೇತಾಡುತ್ತಿತ್ತು. ಕಳ್ಳಮನಸ್ಸಲ್ಲವೇ, ಆ ನಂಬರು ನೋಡಿ ಒಂದು ಕ್ಷಣ ಕಸಿವಿಸಿಯಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಅದು ಅಲ್ಲಿತ್ತು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಉಳಿದವರು ವ್ಯಾನು ತೆಗೆದುಕೊಂಡು ತಿರುವಿಗೆ ಹೋದರು. ರಿಜಿಸ್ಟರಿಗೆ ಸಹಿ ಹಾಕಲು ನಾನು ಉಳಿದೆ. ಸ್ವಲ್ಪ ಹೊತ್ತಿಗೆ ಫೋನು ಬಂತು. ಮಾತು ಸರಿಯಾಗಿ ಕೇಳದೆ ರಸ್ತೆಗೆ ಹೋದೆ. ಮಲ್ಲಿಕಾರ್ಜುನ ಬಂದಿಲ್ಲವಂತೆ, ಅವನ ಫೋನೂ ಹತ್ತುತ್ತಿಲ್ಲವಂತೆ. ಇಬ್ಬರು ಹಳ್ಳದೊಳಗೆ ಒಂದಷ್ಟು ದೂರ ಹೋಗಿ ಕೂಗಿ, ಭಯವಾಗಿ ವಾಪಸ್ ಬಂದರಂತೆ. ಗೇಟಿನಲ್ಲಿ ಹೇಳಿಬಿಡೋಣವಾ ಎಂದು ಕೇಳಿದರು. ತಡೀರಿ, ಬರುತ್ತಾನೆ ಎಂದೆ. ನಾನು ತಿರುಗಿ ಬರುವಾಗ ಮುನಿಸ್ವಾಮಿಯವರು ಗೇಟಿಗೆ ಸರಪಳಿ ಹಾಕುತ್ತಿದ್ದರು. ಇಬ್ಬರೂ ಜೊತೆಗೇ ಕೋಣೆಯೊಳಗೆ ಬಂದೆವು. ಅವರು ಹಲಗೆಯ ಮುಂದೆ ನಿಂತುಬಿಟ್ಟರು.

"ಎಷ್ಟ್ ಜನ ಓಗಿದ್ರಿ ಸಾರ್?"

"ಹತ್ತು."

"ಅಂಗಾರೆ ಅನ್ನೊಂದು ಎಲ್ಲೋಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನೂ ನನ್ನ ಜೇಬು ಮುಟ್ಟಿ ನೋಡಿಕೊಂಡೆ. ಹನ್ನೊಂದನೇ ಮೊಳೆ ಬರಿದಾಗಿತ್ತು. ಅವರು ಬೆಂಚಿನ ಕೆಳಗೆ ನೋಡಿದರು, ಪೊರಕೆ ತಂದು ಮೂಲೆ ಮೂಲೆ ಗುಡಿಸಿದರು. ಎಲ್ಲೂ ಇಲ್ಲ. ಆಮೇಲೆ ಸುಮ್ಮನೆ ಬೆಂಚಿನ ಮೇಲೆ ಕೂತರು. "ನೀವ್ ಓಗ್ರಿ ಸಾರ್. ಮೊಳೆ ಖಾಲಿ ಐತಲ್ಲ, ನಾನು ಇರ್ತೀನಿ."

ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನಗಿನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಮೀಸಲು ಅರಣ್ಯಕ್ಕೆ ಪರವಾನಗಿ ಇಲ್ಲದವನನ್ನು ಕದ್ದು ಕಳಿಸಿದ್ದಕ್ಕೆ ಕೇಸಾದರೆ ಕೆಲಸ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಇನ್ನು ಐದು ನಿಮಿಷ ನೋಡೋಣ, ಬಂದೇ ಬರುತ್ತಾನೆ. ಇನ್ನೈದು ನಿಮಿಷ. ಹೀಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಕೂತಿದ್ದೆ. ಹೊತ್ತು ಮುಳುಗುತ್ತಾ ಬಂತು. ಆನೆಗಳು ನೀರಿಗೆ ಇಳಿಯುವ ಹೊತ್ತು ಅದು, ಇಳಿಯುವುದು ಅದೇ ಹಳ್ಳಕ್ಕೆ. ಮುನಿಸ್ವಾಮಿಯವರು ನನ್ನನ್ನು ಒಂದು ಮಾತೂ ಕೇಳದೆ ಆ ಖಾಲಿ ಮೊಳೆಯನ್ನೇ ನೋಡುತ್ತಾ ಕೂತಿದ್ದರು. ಕೊನೆಗೆ ನನಗೂ ಬೇರೆ ಕಡೆ ನೋಡಲು ಆಗಲಿಲ್ಲ.

"ತಾತ, ಹನ್ನೊಂದನೆಯವನು ಒಳಗಿದ್ದಾನೆ" ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಫೋನು ಮಾಡಿದರು. ಹತ್ತಿರದಲ್ಲೇ ಇದ್ದ ಇಬ್ಬರು ಗಾರ್ಡುಗಳು ಟಾರ್ಚು, ಪಟಾಕಿ ಹಿಡಿದು ಬಂದರು. ನಾನು ಅವರ ಹಿಂದೆ ಓಡಿದೆ. ಮುನಿಸ್ವಾಮಿಯವರು ಕೋಣೆಗೆ ಬೀಗ ಹಾಕಿಕೊಂಡು ಬಂದರು.

ಮಲ್ಲಿಕಾರ್ಜುನ ಹಳ್ಳದ ಎರಡು ಬಂಡೆಗಳ ಸಂದಿಯಲ್ಲಿ ಬಿದ್ದಿದ್ದ. ಪಾದ ಹಿಂದಕ್ಕೆ ತಿರುಚಿಕೊಂಡಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಆಚೆ ದಡದಲ್ಲಿ ಕೊಂಬೆ ಲಟಲಟ ಮುರಿಯುತ್ತಿದ್ದುದು ನಮಗೆಲ್ಲ ಕೇಳುತ್ತಿತ್ತು. ಮಾತಾಡಬೇಡಿ ಎಂದು ಗಾರ್ಡು ಕೈ ತೋರಿಸಿದರು. ಅವನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಾಗ ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಗೇಟಿಗೆ ಹೋದಕೂಡ್ಲೇ ನೀ ಹೇಳೇ ಹೇಳಿರ್ತಿ ಅಂತ ಗೊತ್ತಿತ್ತು ದೋಸ್ತ. ಅದಕ್ಕ ಧೈರ್ಯಾ ಬಿಡಲಿಲ್ಲ."

ನಾನು ಹೂಂ ಎಂದೆ.

ಗೇಟಿಗೆ ಬಂದು, ಬೀಗ ತೆಗೆದು, ಅವನನ್ನು ಬೆಂಚಿನ ಮೇಲೆ ಮಲಗಿಸಿದೆವು. ಟಾರ್ಚಿನ ಬೆಳಕು ಹಲಗೆಯ ಮೇಲೆ ಬಿತ್ತು. ಹನ್ನೊಂದನೇ ಮೊಳೆಯಲ್ಲಿ ಬಿಲ್ಲೆ ಇತ್ತು. ನಾನು ಮುನಿಸ್ವಾಮಿಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅವನನ್ನು ಬಂಗಾರಪೇಟೆಯ ಆಸ್ಪತ್ರೆಗೆ ಸಾಗಿಸುವ ಅವಸರದಲ್ಲಿ ಏನೂ ಕೇಳಲು ಪುರುಸೊತ್ತಿರಲಿಲ್ಲ.

ವ್ಯಾನಿನಲ್ಲಿ ಕೂತ ಮೇಲೆ ನನ್ನ ಎಂದಿನ ಬುದ್ಧಿ ತಿರುಗಿ ಬಂತು. ಇದರಲ್ಲೇನಿದೆ, ಮುದುಕರು ನನ್ನ ಸುಳ್ಳನ್ನು ಮುಖದಲ್ಲೇ ಓದಿದ್ದಾರೆ. ನಾನು ಫೋನಿಗೆಂದು ಹೊರಗೆ ಹೋದಾಗ ಬಿಲ್ಲೆ ತೆಗೆದು ಬಚ್ಚಿಟ್ಟು, ಬೀಗ ಹಾಕುವ ಮೊದಲು ತಿರುಗಿ ಹಾಕಿದ್ದಾರೆ. ನನ್ನ ಬಾಯಿ ಬಿಡಿಸಲು ಹೂಡಿದ ಆಟ. ಎಷ್ಟು ಸಲೀಸಾಗಿ ಕೂತಿತು ನೋಡಿ ಲೆಕ್ಕ! ಮುಂದಿನ ವಾರ ದಂಡ ಕಟ್ಟಲು ಹೋದಾಗ (ಪುಣ್ಯಕ್ಕೆ ವಿಷಯ ಅಷ್ಟಕ್ಕೇ ನಿಂತಿತು, ಫ್ಯಾಕ್ಟರಿಯವರೆಗೆ ಬರಲಿಲ್ಲ) ಅವರನ್ನು ನೇರವಾಗಿ ಕೇಳಿದೆ.

"ನಾನ್ಯಾಕ್ ತೆಗೀಲಿ ಸಾರ್?" ಅವರಿಗೆ ನಿಜಕ್ಕೂ ಸಿಟ್ಟು ಬಂತು. "ಸುಮ್‌ಸುಮ್ನೆ ಮೊಳೆ ಖಾಲಿ ಮಾಡೋದುಂಟಾ? ಆಟ ಅಂದ್ಕೊಂಡ್ರಾ ಅದನ್ನ?" ಆಮೇಲೆ ದನಿ ತಗ್ಗಿಸಿದರು. "ಬಾಯಲ್ಲಿ ಏಳಕ್ಕಾಗ್ದೆ ನೀವೇ ತೆಗೆದ್ರಿ, ಓಡೋವಾಗ ನೀವೇ ತಿರ್ಗ ಆಕಿದ್ರಿ ಅಂದ್ಕೊಂಡಿದ್ದೆ. ಅಂಗಾದ್ರೂ ತಿಳಿಸುದ್ರಲ್ಲ, ಒಳ್ಳೇ ಮನ್ಷ ಅಂದ್ಕೊಂಡೆ."

ಅವರು ಸುಳ್ಳು ಹೇಳಿರಬಹುದೇ? ಎಷ್ಟೋ ಸಲ ಯೋಚಿಸಿದ್ದೇನೆ. ಅವರ ಮುಖ ನೆನಪಾದಾಗೆಲ್ಲ ಇಲ್ಲ ಎನ್ನಿಸುತ್ತದೆ. ಬೇರೆ ಯಾರು, ಹೇಗೆ, ನನಗೆ ತಿಳಿಯದು.

ಮಲ್ಲಿಕಾರ್ಜುನ ಈಗ ಚೆನ್ನಾಗಿ ನಡೆಯುತ್ತಾನೆ. ಹೊಸಬರು ಯಾರಾದರೂ ಸಿಕ್ಕರೆ, ನನ್ನ ಜೀವ ಉಳಿಸಿದವ ಇವನೇ ನೋಡ್ರಿ ಎಂದು ನನ್ನ ಹೆಗಲ ಮೇಲೆ ಕೈ ಹಾಕುತ್ತಾನೆ. ನಾನು ಆ ಬಿಲ್ಲೆಯನ್ನು ಮುಟ್ಟಿರಲಿಲ್ಲ. ಮುಟ್ಟಬೇಕೆಂದು ಹೊಳೆದೂ ಇರಲಿಲ್ಲ. ಅದು ಅಲ್ಲೇ ಮೊಳೆಯಲ್ಲಿ ಇದ್ದಿದ್ದರೆ ನಾನು ಇನ್ನೆಷ್ಟು ಹೊತ್ತು ಸುಮ್ಮನೆ ಕೂತಿರುತ್ತಿದ್ದೆನೋ, ನನಗೇ ಗೊತ್ತಿಲ್ಲ.