ನೀಲಪ್ಪನ ಟಾರ್ಚು, ಸಿದ್ರಾಮನ ಬೆಳಕು

ಪೀಣ್ಯ ಎರಡನೇ ಹಂತದ ಈ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಅರ್ಧ ಎತ್ತಿದ ಷಟರಿನಡಿ ಬಗ್ಗಿ ಶೆಡ್ಡಿನೊಳಗೆ ಬಂದ ನೀಲಪ್ಪ, ಲೇತ್ ಯಂತ್ರವನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮನೆಯಲ್ಲಿ ಲಿಂಗಪೂಜೆ ಮುಗಿಸಿ ಬಂದ ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿದೆ. ಅಲ್ಯೂಮಿನಿಯಂ ಸರಳನ್ನು ಯಂತ್ರಕ್ಕೆ ಬಿಗಿದು ಸ್ವಿಚ್ ಒತ್ತಿದರೆ, ಲೋಹ ಬೆಳ್ಳಿಯ ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿಯಾಗಿ ಅವರ ಕಾಲಬುಡಕ್ಕೆ ಉದುರುತ್ತದೆ.

ಅಷ್ಟರಲ್ಲಿ ಹಿಂದಿನ ಓಣಿಯಿಂದ ಕಂಪ್ರೆಸರಿನ ಗುರುಗುರು ಕೇಳಿಸುತ್ತದೆ. ನೀಲಪ್ಪನವರ ಕೈ ಒಂದು ಗಳಿಗೆ ನಿಲ್ಲುತ್ತದೆ.

"ಬಂದಾ ನೋಡ್ರಿ," ಎನ್ನುತ್ತಾರೆ.

ಬಂದವನು ಸಿದ್ರಾಮ, ನೀಲಪ್ಪನವರ ಹೆಂಡತಿ ದುರ್ಗವ್ವನ ಒಡಹುಟ್ಟಿದ ತಮ್ಮ. ಲೋಹದ ಮೇಲೆ ಗಾಳಿಯ ರಭಸದಲ್ಲಿ ಮರಳು ಹೊಡೆದು ಸ್ವಚ್ಛ ಮಾಡುವ ಸ್ಯಾಂಡ್ ಬ್ಲಾಸ್ಟಿಂಗ್ ಶೆಡ್ಡಿನಲ್ಲಿ ಅವನಿಗೆ ಕೆಲಸ. ಆ ಸದ್ದು ಕಿವಿಗೆ ಬಿದ್ದ ಮೇಲೆ ನೀಲಪ್ಪನವರ ಮುಖದಲ್ಲಿ ಪೂಜೆಯ ಶಾಂತಿ ಉಳಿಯುವುದಿಲ್ಲ.

ಹುನಗುಂದದ ಕಡೆಯಿಂದ ಬೆಂಗಳೂರಿಗೆ ಬಂದ ಹೊಸದರಲ್ಲಿ ನೀಲಪ್ಪ ಕಾಡುಗೋಡಿಯಲ್ಲಿ ಕಟ್ಟಡದ ಸಿಮೆಂಟು ಹೊತ್ತವರು. ಬೆನ್ನು ಸೋತಾಗ ಪೀಣ್ಯಕ್ಕೆ ಬಂದು, ಶೆಡ್ಡು ಗುಡಿಸುತ್ತ ಗುಡಿಸುತ್ತ ಲೇತ್ ಕೆಲಸ ಕಲಿತರು. ಹಗಲೆಲ್ಲ ಪಂಪಿನ ಬಿಡಿಭಾಗ ಕಡೆಯುತ್ತಾರೆ. ಶಿಫ್ಟ್ ಶುರುವಾಗುವ ಮುಂಚಿನ ಹೊತ್ತು ಮಾತ್ರ ಅವರದು. ಆಗ ಟಾರ್ಚು ಮಾಡುತ್ತಾರೆ, ಹಿಡಿಯುವವನ ಅಂಗೈ ನೋಡಿ, ಅದರ ಅಳತೆಗೆ. ಬಡಾವಣೆಗಳ ಕಾವಲುಗಾರರು, ಹಾವು ಹಿಡಿಯುವವರು, ನಸುಕಿನಲ್ಲಿ ಹಾಲು ಹಾಕುವವರು ಅವರ ಗಿರಾಕಿಗಳು.

"ನನ್ನ ಯಂತ್ರದಲ್ಲಿ ಸ್ವಂತ ಕೆಲಸ ಯಾಕೆ ಅಂತ ಬೈಯೋಕೆ ಬಂದ್ರೆ ನನ್ನ ಕೈಗೂ ಒಂದು ಟಾರ್ಚ್ ಮಾಡಿಟ್ಬಿಟ್ಟಿದ್ದ ಕಣ್ರೀ," ಎಂದು ಶೆಡ್ಡಿನ ಮಾಲೀಕ ಶೇಖರಪ್ಪ ನಗುತ್ತಾರೆ. "ಆಮೇಲೆ ಬೈಯೋಕೆ ಬಾಯಿ ಎಲ್ಲಿ ಬರುತ್ತೆ?"

ನೀಲಪ್ಪನವರಿಗೆ ತಮ್ಮ ಕೆಲಸದ ಬಗ್ಗೆ ಸಂಕೋಚವಿಲ್ಲ. "ಬಜಾರದಾಗ ಸಿಗೋ ಟಾರ್ಚ್ ಕೈಜಾರಿ ಬಿದ್ರ ಮುಗೀತ್ರೀ. ನಂದು ಬಿದ್ರ ನೆಲಕ್ಕ ಪೆಟ್ಟಾಗ್ತೈತಿ."

ಎಲ್ಲ ಸುಖವಾಗಿಯೇ ಇತ್ತು, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಆ ಹೊಸ ಎಲ್‌ಇಡಿ ಬರುವ ತನಕ. ಹಳೆಯದರಲ್ಲಿ ಬೆಳಕು ಕೊಡುವ ಚೂರು ಒಂದೇ. ಹೊಸದರಲ್ಲಿ ತೊಗರಿಬೇಳೆಯಷ್ಟು ಗಾತ್ರದ ಗಾಜಿನ ಗುಮ್ಮಟದ ಕೆಳಗೆ ನಾಲ್ಕು ಚೂರುಗಳು, ನಾಲ್ಕು ಮನೆಯ ಚೌಕದಂತೆ ಒತ್ತೊತ್ತಾಗಿ ಕೂತಿವೆ. ನಡುವೆ ಕೂದಲೆಳೆಯಷ್ಟು ಸಂದು.

"ಬೆಳಕು ಭಾಳ ಐತ್ರಿ. ಆದ್ರ ನಾಕ ಮಂದಿ ಒಂದ ಮನ್ಯಾಗ ಕುಂತಂಗ. ಕೂಡಿ ಬಾಳೂದು ಕಷ್ಟ," ಎನ್ನುತ್ತಾರೆ ನೀಲಪ್ಪ.

ಅದನ್ನು ಕೂರಿಸಿ ಗೋಡೆಗೆ ಬೆಳಕು ಬಿಟ್ಟಾಗ ನಟ್ಟನಡುವೆ ಕೂಡಿಸುವ ಗುರುತಿನಂಥ ಒಂದು ನೆರಳು ಬಿತ್ತು. ಅಂಗಡಿಯವನು ಕೆಟ್ಟ ಮಾಲು ಕೊಟ್ಟನೆಂದು ನೀಲಪ್ಪ ಬದಲಿಸಿ ತಂದರು. ನೆರಳು ಹೋಗಲಿಲ್ಲ. ಹಾಗಾದರೆ ದೀಪದ ಹಿಂದೆ ಕೂತು ಬೆಳಕನ್ನು ಮುಂದಕ್ಕೆ ಎಸೆಯುವ ಬಟ್ಟಲಿನದೇ ದೋಷವಿರಬೇಕು, ಹೊಳಪು ಸಾಲದಾಗಿರಬೇಕು ಎಂದುಕೊಂಡರು. ಹುಟ್ಟಾ ಕಡೆಯುವವರ ಬುದ್ಧಿಯೇ ಹಾಗೆ. ಒರಟು ಎಂದರೆ ಅವರ ಪಾಲಿಗೆ ಇನ್ನೂ ಮುಗಿಯದ ಕೆಲಸ. ಲೋಹಕ್ಕೆ ಹೊಳಪು ಕೊಡುವ ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಹಣೆಯ ವಿಭೂತಿಯ ಮೂರು ಗೆರೆ ಅದರೊಳಗೆ ಕಾಣುವಷ್ಟು ಉಜ್ಜಿದರು. ಕನ್ನಡಿ ಸುಳ್ಳು ಹೇಳುತ್ತದೆಯೆ? ನಾಲ್ಕು ಚೂರುಗಳ ನಡುವಿನ ಸಂದನ್ನೂ ಅದು ಇದ್ದ ಹಾಗೆಯೇ ತೋರಿಸಿತು. ಉಜ್ಜಿದಷ್ಟೂ ನೆರಳು ಚೊಕ್ಕವಾಯಿತು.

ಅದೇ ಹೊತ್ತಿಗೆ ಸಿದ್ರಾಮನೂ ಒಂದು ಟಾರ್ಚು ಮಾಡಿದ. ಟಾರ್ಚಿನ ವಿದ್ಯೆ ಕಲಿಸಿದ್ದು ನೀಲಪ್ಪನವರೇ. ಉಜ್ಜುವ ತಾಳ್ಮೆ ಅವನಿಗೆಲ್ಲಿಂದ ಬರಬೇಕು? ಬಟ್ಟಲನ್ನು ಒಯ್ದು ತನ್ನ ಯಂತ್ರದಲ್ಲಿ ಮರಳಿನ ಬದಲು ಸಣ್ಣ ಗಾಜಿನ ಮಣಿ ಹೊಡೆದುಬಿಟ್ಟ. ಒಳಮೈಯೆಲ್ಲ ಕಿತ್ತಳೆ ಸಿಪ್ಪೆಯಂತಾಯಿತು. ಬೆಳಕು ಮಾತ್ರ ಆ ಒರಟಿನಲ್ಲಿ ಚದುರಿ, ನಾಲ್ಕೂ ಒಂದಾಗಿ, ಹಾಲು ಚೆಲ್ಲಿದ ಹಾಗೆ ದುಂಡಗೆ, ಒಂದು ಕಲೆಯಿಲ್ಲದೆ ಬಿತ್ತು.

"ಮೈಗಳ್ಳನ ಕೆಲಸರೀ ಅದು," ಎಂದು ನೀಲಪ್ಪ ಇವತ್ತಿಗೂ ಹೇಳುತ್ತಾರೆ.

ಈ ಎರಡು ಟಾರ್ಚುಗಳೂ ಹೋಗಿ ಸೇರಿದ್ದು ಗದಿಗೆಪ್ಪನವರ ಚೀಲಕ್ಕೆ. ಗದಿಗೆಪ್ಪ ರೈಲ್ವೆಯ ಕೀಮ್ಯಾನ್. ನಸುಕಿನಲ್ಲಿ ಹಳಿಗುಂಟ ನಡೆದು, ಹಳಿಯನ್ನು ಹಿಡಿದಿಟ್ಟ ಕ್ಲಿಪ್ಪುಗಳು ಬಿಗಿಯಾಗಿವೆಯೆ ಎಂದು ನೋಡುವವರು. ನೀಲಪ್ಪನವರ ಊರ ಕಡೆಯವರೇ, ಪಕ್ಕದ ಬಾಡಿಗೆ ಕೋಣೆಯಲ್ಲಿದ್ದಾರೆ. ಅವರ ಜೊತೆ ಹಳಿ ಕೆಲಸ ಮಾಡುವ ಗ್ಯಾಂಗಿನವರೆಲ್ಲ ಕೂಡಿ, ಗದಿಗೆಪ್ಪ ಯಾವುದು ಒಳ್ಳೆಯದೆನ್ನುತ್ತಾರೋ ಅದನ್ನೇ ತಮಗೂ ಮಾಡಿಸಿಕೊಳ್ಳುವುದೆಂದು ಮಾತಾಡಿಕೊಂಡಿದ್ದರು. ನೀಲಪ್ಪನವರಿಗೆ ಆ ಒಂದು ಮಾತು ತಮ್ಮ ಕಡೆಗೆ ಬೀಳಬೇಕಿತ್ತು. ಸಿದ್ರಾಮನ ಕಡೆಗೆ ಬಿದ್ದರೆ? ಪೂಜೆಗೆ ಕೂತು ಅಂಗೈಯಲ್ಲಿನ ಲಿಂಗದ ಮೇಲೆ ದೃಷ್ಟಿ ನೆಟ್ಟರೂ ಭಾಮೈದನ ನಗುಮುಖವೇ ಎದುರಿಗೆ ಬರುತ್ತಿತ್ತು.

"ಆರು ವೈರಿಗಳೊಳಗ ಐದನ್ನ ಹ್ಯಾಂಗೋ ಹಿಡದಿಟ್ಟೇನ್ರಿ. ಆರನೇದು, ಮತ್ಸರ, ಕೈಗೆ ಸಿಗವಲ್ದು."

ತಾಳಲಾರದೆ ಒಂದು ನಸುಕಿನಲ್ಲಿ ಅವರು ಚಿಕ್ಕಬಾಣಾವರದಾಚೆಯ ರೈಲ್ವೆ ಗೇಟಿಗೆ ಹೋಗಿ ನಿಂತರು. ಹೆಗಲ ಮೇಲೆ ಸುತ್ತಿಗೆ ಹೊತ್ತು ಗದಿಗೆಪ್ಪ ಬಂದರು. ಕೈಯಲ್ಲಿದ್ದದ್ದು ನೀಲಪ್ಪನವರದೇ ಟಾರ್ಚು. ಎದೆ ಹಿಗ್ಗಿತು. ಆದರೆ ಗದಿಗೆಪ್ಪ ಅದನ್ನು ಓರೆಯಾಗಿ ಹಿಡಿದಿದ್ದರು. ಬೆಳಕಿನ ಅಂಚು ಮಾತ್ರ ಹಳಿಯ ಮೇಲಿತ್ತು.

"ಯಾಕ ಓರೆ ಹಿಡದಿ?"

"ರೂಢಿ ಆಗೈತಿ, ಬಿಡು."

"ನೆಟ್ಟಗ ಹಿಡಿ ನೋಡೋಣು."

ಗದಿಗೆಪ್ಪ ನೆಟ್ಟಗೆ ಹಿಡಿದರು. ಕಲ್ಲು ಕಂಡಿತು, ಹಳಿ ಕಂಡಿತು. ನಡುವಿನ ನೆರಳು ಸರಿಯಾಗಿ ಕ್ಲಿಪ್ಪಿನ ಮೇಲೆಯೇ ಕೂತಿತು. ನೋಡಬೇಕಾದದ್ದೊಂದೇ ಕಾಣಲಿಲ್ಲ.

"ಎಷ್ಟ ದಿವಸಾತು ಹಿಂಗ ಹಿಡ್ಯಾಕ ಹತ್ತಿ?"

"ನೀ ಕೊಟ್ಟಾಗಿಂದ," ಎಂದರು ಗದಿಗೆಪ್ಪ. "ಸಿಟ್ಟಾಗಬ್ಯಾಡ ನೀಲಣ್ಣ. ನಿಂದು ಕೈಯಾಗ ಹಿಡ್ಯಾಕ ಭಾಳ ಚಲೋ ಐತಿ. ಕಣ್ಣಿಗೆ ಮಾತ್ರ ಅವಂದ ಚಲೋ."

ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು ಎನ್ನುತ್ತಾರೆ ನೀಲಪ್ಪ. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಟಾರ್ಚು ಮಾಡುವುದನ್ನು ಬಿಡುತ್ತಿದ್ದರೋ ಏನೋ. ಅವರು ಆ ಟಾರ್ಚು ಇಸಿದುಕೊಂಡು, ಬಟ್ಟಲು ಬಿಚ್ಚಿ, ವಸ್ತ್ರದಲ್ಲಿ ಸುತ್ತಿ ಹಿಂದಿನ ಓಣಿಗೆ ನಡೆದರು.

"ಏನ್ ಮಾವ, ದಾರಿ ತಪ್ಪಿ ಬಂದ್ಯೇನ?" ಎಂದ ಸಿದ್ರಾಮ.

"ನಿಮ್ಮಕ್ಕ ಕಳಿಸ್ಯಾಳ."

"ಸುಳ್ಳ ಹೇಳಬ್ಯಾಡ. ಅಕ್ಕ ಕಳಿಸಿದ್ರ ಕೈಯಾಗ ಬುತ್ತಿ ಇರತಿತ್ತು."

ನೀಲಪ್ಪ ವಸ್ತ್ರ ಬಿಚ್ಚಿ ಬಟ್ಟಲು ಮುಂದಿಟ್ಟರು. ಸಿದ್ರಾಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ನಗು ನಿಂತಿತು. "ಇದಕ್ಕ ಮಣಿ ಹೊಡ್ಯಾಕ ಮನಸ್ಸು ಬರವಲ್ದು ಮಾವ. ಇಂಥಾ ಹೊಳಪು ನನ್ನ ಜನ್ಮದಾಗ ನನಗ ಬರೂದಿಲ್ಲ."

"ಹೊಡಿ," ಎಂದರು ನೀಲಪ್ಪ, ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು.

ಎಷ್ಟೋ ನಸುಕುಗಳ ಹೊಳಪು ನಾಲ್ಕು ಉಸಿರಿನಲ್ಲಿ ಹೋಯಿತು. ತಿರುಗಿ ಜೋಡಿಸಿ ಬೆಳಕು ಬಿಟ್ಟರೆ ನೆರಳಿಲ್ಲ. ಎಲ್ಲೂ ಇಲ್ಲ. ಸಮಾಧಾನವಾಯಿತೆ ಎಂದು ಕೇಳಿದರೆ ನೀಲಪ್ಪ ಇಲ್ಲವೆಂದು ತಲೆಯಾಡಿಸುತ್ತಾರೆ. "ಇನ್ನೂ ಉರೀತ್ರೀ. ಆ ಹುಡುಗ ಸೀನಿದಷ್ಟ ಸಲೀಸ ಮಾಡಿ ಕೊಟ್ಟಾ."

ಗದಿಗೆಪ್ಪ ಇಬ್ಬರ ಹೆಸರನ್ನೂ ಹೇಳಿದರು. ಈಗ ಗ್ಯಾಂಗಿನವರ ಟಾರ್ಚುಗಳಿಗೆ ಮೈ, ತಿರುಪಿನ ಸುತ್ತು, ಮುಚ್ಚಳ ನೀಲಪ್ಪನವರದು, ಬಟ್ಟಲು ಸಿದ್ರಾಮನದು. ಕೊಟ್ಟ ದಿನ ಅವರೆಲ್ಲ ಗುಂಡಿ ಒತ್ತಿ, ನೆಲದ ಮೇಲೆ ಬಿದ್ದ ದುಂಡು ಬೆಳಕನ್ನು ನೋಡಿ "ಯಪ್ಪಾ, ಏನ್ ಬೆಳಕಲೇ ಇದು" ಎಂದರು. ಮುಚ್ಚಳ ಎಷ್ಟು ನುಣ್ಣಗೆ ತಿರುಗುತ್ತದೆಂದು ಯಾರೂ ತಿರುಗಿಸಿ ನೋಡಲಿಲ್ಲ. ನೀಲಪ್ಪ ಪಕ್ಕದಲ್ಲೇ ನಿಂತಿದ್ದರು.

ಮನೆಯಲ್ಲಿ ರೊಟ್ಟಿ ಬಡಿಯುತ್ತ ದುರ್ಗವ್ವ ಈ ಕತೆಗೆ ತಮ್ಮದೊಂದು ಮಾತು ಸೇರಿಸುತ್ತಾರೆ: "ತಮ್ಮನ್ನ ಹೊಗಳಿದ್ರ ಗಂಡಗ ಉರಿ. ಗಂಡನ್ನ ಹೊಗಳಿದ್ರ ತಮ್ಮ ಖುಷಿಪಟ್ಟು ನಗತಾನ. ಅದನ್ನ ನೋಡಿ ಇವರಿಗೆ ಮತ್ತಷ್ಟು ಉರಿ. ನಾ ಯಾರಿಗೆ ನೀರ ಹಾಕ್ಲಿ?"

ನೀಲಪ್ಪ ಅಲ್ಲಗಳೆಯುವುದಿಲ್ಲ. ಲೇತ್ ಯಂತ್ರಕ್ಕೆ ಮತ್ತೊಂದು ಸರಳು ಬಿಗಿಯುತ್ತಾರೆ. ಕೈ ತುಂಬ ಕೆಲಸವಿದೆ, ಗ್ಯಾಂಗಿನವರನ್ನು ನೋಡಿ ಬೇರೆಯವರೂ ಕೇಳುತ್ತಿದ್ದಾರೆ. ಇನ್ನೇನು ಬೇಕು ಎಂದರೆ, ಹಿಂದಿನ ಓಣಿಯ ಸದ್ದಿಗೆ ಕಿವಿಗೊಡುತ್ತಾರೆ.

"ಶಿವ ಎಲ್ಲಾ ಕೊಟ್ಟಾನ್ರಿ. ಒಂದ ಉಳದೈತಿ. ನಾ ಮಾಡಿದ್ದೊಂದು ಟಾರ್ಚ್ ನೋಡಿ ಸಿದ್ರಾಮ ಒಂದ ಹೊತ್ತು ಉಣ್ಣಲಾರದ ಎದ್ದು ಹೋಗಬೇಕು. ಒಂದ ಹೊತ್ತು ಸಾಕ್ರಿ. ರಾತ್ರಿಗೆ ನಾನ ಹೋಗಿ, ಕೈ ಹಿಡದು ಕರಕೊಂಡು ಬಂದು ಉಣಸ್ತೀನಿ."